ಹಿಂದಿನ ಬೆಂಚಿನ ಟ್ಯಾಬ್‌ಗೂ ಪಾಠ ತಲುಪಬೇಕು

ಕೆ.ಆರ್. ಪುರಂ, ಹಾಸನ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ನಿನ್ನ ಅತ್ತೆಯ ಮಂಡಿನೋವು ಸ್ವಲ್ಪ ಇಳಿದಿದೆ. ನೀನು ಕಳಿಸಿದ ಪ್ರಾಜೆಕ್ಟ್ ವರದಿ ಓದಿದೆ. ಆಲೂರಿನ ಕಡೆಯ ಹೈಸ್ಕೂಲಲ್ಲಿ ಒಂದೇ ವೈಫೈ ರೂಟರ್‌ನಿಂದ 60 ಟ್ಯಾಬ್‌ಗಳಿಗೆ ಪಾಠದ ವಿಡಿಯೊ ಒಟ್ಟಿಗೆ ಕಳಿಸಲು ಹೊರಟಿದ್ದೀಯ, ಸಂತೋಷ. ಆದರೆ ವರದಿಯ ತುಂಬ ಕಳಿಸಿದ ಲೆಕ್ಕವೇ ಇದೆ, ತಲುಪಿದ ಲೆಕ್ಕ ಎಲ್ಲೂ ಕಾಣಲಿಲ್ಲ. ನಾನು ಟೆಲಿಫೋನ್ ಇಲಾಖೆಯಲ್ಲಿ ಸವೆದವನು. ಎಕ್ಸ್‌ಚೇಂಜ್‌ನಲ್ಲಿ ಲೈನ್ ಸರಿಯಿದೆ ಅಂದರೆ ನಮ್ಮಲ್ಲಿ ಕಂಪ್ಲೇಂಟ್ ಮುಗಿಯುತ್ತಿರಲಿಲ್ಲ, ಆ ಮನೆಯ ಫೋನು ರಿಂಗ್ ಆಗಬೇಕಿತ್ತು.

ಮಲ್ಟಿಕಾಸ್ಟ್, ಅಂದರೆ ಒಂದೇ ಪ್ರತಿಯನ್ನು ಎಲ್ಲರಿಗೂ ಒಟ್ಟಿಗೆ ಕಳಿಸುವ ಪದ್ಧತಿ, ಆರಿಸಿದ್ದು ಸರಿ. 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ವಿಡಿಯೊವನ್ನು ಒಬ್ಬೊಬ್ಬರಿಗೂ ಬೇರೆ ಬೇರೆ ಕಳಿಸಿದರೆ 120 ಬೇಕು, ಒಟ್ಟಿಗೆ ಕಳಿಸಿದರೆ 2 ಸಾಕು. ತೊಡಕು ಇರುವುದು ಬೇರೆ ಕಡೆ. ವೈಫೈಯಲ್ಲಿ ಒಬ್ಬರಿಗೇ ಹೋಗುವ ಪ್ಯಾಕೆಟ್‌ಗೆ, ಅಂದರೆ ವಿಡಿಯೊದ ಒಂದು ಸಣ್ಣ ತುಣುಕಿಗೆ, ‘ಬಂತು’ ಅಂತ ಉತ್ತರ ಬರುತ್ತದೆ. ಬರದಿದ್ದರೆ ರೂಟರ್ ತಾನೇ ಮತ್ತೆ ಕಳಿಸುತ್ತದೆ. ಮಲ್ಟಿಕಾಸ್ಟ್ ಪ್ಯಾಕೆಟ್‌ಗೆ ಈ ಉತ್ತರವೇ ಇಲ್ಲ. ಡಂಗುರ ಸಾರುವವನು ತಮಟೆ ಬಡಿದು ಮುಂದಿನ ಬೀದಿಗೆ ನಡೆದುಬಿಡುತ್ತಾನಲ್ಲ, ಹಾಗೆ. ಸಾಲದ್ದಕ್ಕೆ, ಎಲ್ಲರಿಗೂ ಕೇಳಿಸಲಿ ಅಂತ ಅದನ್ನು ತೀರಾ ಕಡಿಮೆ ವೇಗದಲ್ಲಿ ಕಳಿಸುತ್ತದೆ, 2.4 ಗಿಗಾಹರ್ಟ್ಸ್‌ನಲ್ಲಿ ಎಷ್ಟೋ ರೂಟರ್‌ಗಳಿಗೆ ಅದು 1 ಎಂಬಿಪಿಎಸ್. ಅಷ್ಟು ಕಿರಿದಾದ ದಾರಿಯಲ್ಲಿ 2 ಎಂಬಿಪಿಎಸ್ ವಿಡಿಯೊ ಹೋಗುವುದಾದರೂ ಹೇಗೆ? ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದೆ ಅಂದೆಯಲ್ಲ, ಮೊದಲು ಅಲ್ಲಿ ನೋಡು.

1500 ಬೈಟಿನ ಒಂದು ಪ್ಯಾಕೆಟ್‌ಗೆ 1 ಎಂಬಿಪಿಎಸ್‌ನಲ್ಲಿ 12 ಮಿಲಿಸೆಕೆಂಡ್ ಹಿಡಿಯುತ್ತದೆ, 24ರಲ್ಲಿ ಅರ್ಧ ಮಿಲಿಸೆಕೆಂಡ್. ಹಾಗಾಗಿ 5 ಗಿಗಾಹರ್ಟ್ಸ್‌ಗೆ ಹೋಗು, ಸೆಟ್ಟಿಂಗ್‌ನಲ್ಲಿ ಮಲ್ಟಿಕಾಸ್ಟ್ ರೇಟ್ ಏರಿಸು. ವೇಗ ಏರಿದಷ್ಟೂ ದೂರ ಕೂತವರಿಗೆ ಪ್ಯಾಕೆಟ್ ತಪ್ಪುವುದು ಜಾಸ್ತಿ, ಒಪ್ಪುತ್ತೇನೆ. ವೇಗದಿಂದ ಉಳಿದ ಸಮಯವನ್ನು ತಪ್ಪಿದ ಪ್ಯಾಕೆಟ್‌ಗಳ ದುರಸ್ತಿಗೆ ಹಾಕು ಅನ್ನುವುದೇ ನನ್ನ ಮಾತು.

ಒಂದು ಲೆಕ್ಕ ಮಾಡು. ಪ್ರತಿ ಟ್ಯಾಬ್‌ಗೂ ನೂರಕ್ಕೆ ಒಂದೇ ಪ್ಯಾಕೆಟ್ ತಪ್ಪುತ್ತದೆ, ಒಬ್ಬರದು ಇನ್ನೊಬ್ಬರಿಗೆ ಸಂಬಂಧವಿಲ್ಲ ಅಂತಿಟ್ಟುಕೊ. 0.99ನ್ನು 60 ಸಲ ಗುಣಿಸಿದರೆ ಸುಮಾರು 0.55. ಅಂದರೆ ನೂರರಲ್ಲಿ 45 ಪ್ಯಾಕೆಟ್ ಯಾರೋ ಒಬ್ಬರಿಗಾದರೂ ತಪ್ಪಿರುತ್ತದೆ! ತಪ್ಪಿದ್ದನ್ನೆಲ್ಲ ಮತ್ತೆ ಕಳಿಸುತ್ತ ಕೂತರೆ ಅರ್ಧ ವಿಡಿಯೊ ಎರಡೆರಡು ಸಲ ಹೋಗುತ್ತದೆ. ಅದರ ಬದಲು ಹತ್ತು ಪ್ಯಾಕೆಟ್‌ಗಳನ್ನು ಎಕ್ಸಾರ್ ಮಾಡಿ (ಬಿಟ್‌ಗೆ ಬಿಟ್ ಕೂಡಿಸುವ ಒಂದು ಲೆಕ್ಕ) ಹನ್ನೊಂದನೆಯದೊಂದು ಪ್ಯಾರಿಟಿ ಪ್ಯಾಕೆಟ್, ಅಂದರೆ ದುರಸ್ತಿಯ ಪ್ಯಾಕೆಟ್, ಮಾಡು. ಕಿಟಕಿ ಪಕ್ಕದ ಹುಡುಗನಿಗೆ 3ನೆಯದು ತಪ್ಪಿದೆ, ಮೂಲೆಯ ಹುಡುಗಿಗೆ 7ನೆಯದು, ಇನ್ನೊಬ್ಬನಿಗೆ 9ನೆಯದು. ಆ ಒಂದೇ ಪ್ಯಾರಿಟಿ ಪ್ಯಾಕೆಟನ್ನು ತಮಗೆ ಸಿಕ್ಕ ಒಂಬತ್ತರ ಜೊತೆ ಎಕ್ಸಾರ್ ಮಾಡಿ ಮೂವರೂ ತಮ್ಮ ತಮ್ಮದನ್ನು ಹುಟ್ಟಿಸಿಕೊಳ್ಳುತ್ತಾರೆ. ಒಬ್ಬನಿಗೇ ಎರಡು ಮೂರು ತಪ್ಪಿದರೆ ಎಕ್ಸಾರ್ ಸಾಲದು, ಹಲವು ಪ್ಯಾರಿಟಿ ಹುಟ್ಟಿಸಬಲ್ಲ 1960ರ ರೀಡ್-ಸಾಲೊಮನ್ ಕೋಡ್ ಬೇಕು. ಅದರಲ್ಲಿ ಹತ್ತಕ್ಕೆ ಮೂರು ಪ್ಯಾರಿಟಿ ಸೇರಿಸಿದರೆ 13ರಲ್ಲಿ ಯಾವ ಹತ್ತು ಸಿಕ್ಕಿದರೂ ಪೂರ್ತಿ ವಾಪಸ್.

ಅರವತ್ತೂ ಟ್ಯಾಬ್ ‘ಬಂತು, ಬಂತು’ ಅಂತ ಉತ್ತರ ಕೊಡುವ ಪದ್ಧತಿ ಬೇಡ, ಆ ಗದ್ದಲದಲ್ಲೇ ವಿಡಿಯೊ ಮುಳುಗುತ್ತದೆ. ತಪ್ಪಿದವರು ಮಾತ್ರ ಹೇಳಲಿ, ಅದೂ ಹತ್ತರಲ್ಲಿ ಎಷ್ಟು ಕಮ್ಮಿ ಅಂದರೆ ಸಾಕು. ಎಲ್ಲರಿಗಿಂತ ಹೆಚ್ಚು ಕಳಕೊಂಡವನಿಗೆ ಎಷ್ಟು ಬೇಕೋ ಅಷ್ಟು ಪ್ಯಾರಿಟಿ ಕಳಿಸಿದರೆ ಎಲ್ಲರದೂ ತೀರಿತು. ನಾರ್ಮ್ ಎಂಬ ಪ್ರೋಟೊಕಾಲ್ ಇದನ್ನೇ ಮಾಡುತ್ತದೆ, ಅದರ ವಿವರವಿರುವ 2009ರ ಇಂಟರ್ನೆಟ್ ದಸ್ತಾವೇಜು ಆರ್‌ಎಫ್‌ಸಿ 5740 ತೆಗೆದು ಓದು. ಹೊಸದಾಗಿ ನೀನೇ ಬರೆಯಲು ಹೋಗಬೇಡ.

ಓದುವ ಖುಷಿಗೆ ಇನ್ನೊಂದು. ಜಾಯ್ ಕುರಿ ಮತ್ತು ಸ್ನೇಹಾ ಕಸೇರಾ 1999ರಲ್ಲಿ ಮಂಡಿಸಿದ ಉಪಾಯ: ಗುಂಪಿಗೊಬ್ಬ ಲೀಡರ್; ಅವನೊಬ್ಬನೇ ‘ಬಂತು’ ಅನ್ನಬೇಕು. ಯಾರಿಗೆ ತಪ್ಪಿತೋ ಅವರು ಅದೇ ಗಳಿಗೆಯಲ್ಲಿ ‘ಬರಲಿಲ್ಲ’ ಅಂತ ಕೂಗಿ ಅವನ ಮಾತನ್ನು ಕೆಡಿಸಬೇಕು. ಉತ್ತರ ಕೇಳಿಸದ ರೂಟರ್ ಮತ್ತೆ ಕಳಿಸುತ್ತದೆ. ಓದಿ ನಕ್ಕುಬಿಟ್ಟೆ, ಎಂಥ ಕಿಲಾಡಿ ಬುದ್ಧಿ! ಆದರೆ ಅದಕ್ಕೆ ವೈಫೈ ಚಿಪ್‌ನೊಳಗೇ ಕೈ ಹಾಕಬೇಕು, ಅಂಗಡಿಯಿಂದ ತಂದ ಟ್ಯಾಬ್‌ನಲ್ಲಿ ಆಗುವ ಮಾತಲ್ಲ. ವೈಫೈ ಮಾನದಂಡದ 2012ರ 802.11ಎಎ ತಿದ್ದುಪಡಿಯಲ್ಲಿ ಮಲ್ಟಿಕಾಸ್ಟ್ ಮರುಪ್ರಸಾರದ ದಾರಿ ಇದೆ, ಅದೂ ಎರಡೂ ಕಡೆಯ ಚಿಪ್‌ಗೆ ಗೊತ್ತಿದ್ದರೆ ಮಾತ್ರ.

ಈಗ ಒಂದು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಪಾಠಗಳೆಲ್ಲ ಮೊದಲೇ ರೆಕಾರ್ಡ್ ಆದವು. ಅವನ್ನು ನೇರಪ್ರಸಾರದಂತೆ ಕಳಿಸುವ ಹಟ ಯಾಕೆ? ನೇರ ಪಾಠದಲ್ಲಿ ಬಫರ್‌ನ (ತೋರಿಸುವ ಮುಂಚೆ ಟ್ಯಾಬ್ ಕೂಡಿಟ್ಟುಕೊಳ್ಳುವ ಸ್ವಲ್ಪ ವಿಡಿಯೊ) ಹೊತ್ತು ಮೀರಿ ಬಂದ ದುರಸ್ತಿ ದಂಡ. ಇಪ್ಪತ್ತು ನಿಮಿಷದ ಪಾಠ ಸುಮಾರು 300 ಎಂಬಿ. ಹಿಂದಿನ ಪೀರಿಯಡ್‌ನಲ್ಲೇ ಫೈಲಾಗಿ ಮಲ್ಟಿಕಾಸ್ಟ್ ಮಾಡಿ, ಕಮ್ಮಿ ಬಿದ್ದದ್ದನ್ನು ನಿಧಾನವಾಗಿ ತುಂಬಿ, ಟೀಚರ್ ಹೇಳಿದಾಗ ಎಲ್ಲರೂ ಪ್ಲೇ ಒತ್ತಲಿ. ಮೇಷ್ಟ್ರು ಕ್ಯಾಮೆರಾ ಮುಂದೆ ನಿಂತು ಪಾಠ ಮಾಡುವ ದಿನಕ್ಕೆ ಮಾತ್ರ ನೇರಪ್ರಸಾರ ಇಟ್ಟುಕೊ. ಅಂದು ಐ-ಫ್ರೇಮ್‌ಗಳಿಗೆ, ಅಂದರೆ ಪೂರ್ತಿ ಚಿತ್ರ ಹೊತ್ತ ಫ್ರೇಮ್‌ಗಳಿಗೆ, ಪ್ಯಾರಿಟಿ ಧಾರಾಳವಾಗಿ ಕೊಡು. ಅದೊಂದು ಕೆಟ್ಟರೆ ಮುಂದಿನ ಐ-ಫ್ರೇಮ್ ಬರುವವರೆಗೆ ಚಿತ್ರ ಸರಿಹೋಗುವುದಿಲ್ಲ.

ರೂಟರ್‌ನ ಡಿಟಿಐಎಂ, ಅಂದರೆ ತಡೆದಿಟ್ಟ ಮಲ್ಟಿಕಾಸ್ಟನ್ನು ಎಷ್ಟು ಬೀಕನ್‌ಗೊಮ್ಮೆ (ರೂಟರ್ ಆಗಾಗ ಸಾರುವ ‘ನಾನಿದ್ದೇನೆ’ ಸಂಕೇತ) ಬಿಡಬೇಕೆಂಬ ಸೆಟ್ಟಿಂಗ್, 1ಕ್ಕೆ ಇಳಿಸು. ಒಂದೇ ಒಂದು ಟ್ಯಾಬ್ ಪವರ್ ಸೇವ್‌ನಲ್ಲಿ ನಿದ್ದೆ ಹೋಗಿದ್ದರೂ ರೂಟರ್ ಎಲ್ಲರ ಮಲ್ಟಿಕಾಸ್ಟನ್ನೂ ತಡೆದಿಟ್ಟು ಗಂಟು ಗಂಟಾಗಿ ಬಿಡುತ್ತದೆ. ಬೀಕನ್ ಸುಮಾರು ನೂರು ಮಿಲಿಸೆಕೆಂಡಿಗೊಂದು, ಡಿಟಿಐಎಂ 3 ಇದ್ದರೆ ಮುನ್ನೂರರವರೆಗೂ ಕಾಯಬೇಕು.

ಪರೀಕ್ಷೆಗೆ ಭಾನುವಾರ ಖಾಲಿ ಕೋಣೆಗೆ ಹೋಗಬೇಡ. ಮನುಷ್ಯರ ಮೈ ವೈಫೈ ಸಿಗ್ನಲ್ ಹೀರುತ್ತದೆ, ಗೋಡೆ ಪಕ್ಕದ ಕಬ್ಬಿಣದ ಬೀರು ತಡೆಯುತ್ತದೆ. ಹೆಡ್‌ಮಾಸ್ಟರ್‌ಗೆ ಮೊದಲೇ ಹೇಳಿ, ಮಕ್ಕಳು ಕೂತಿರುವಾಗ ಒಂದು ಪೀರಿಯಡ್ ಕೇಳಿ ಪಡೆ. ಪ್ರತಿ ಟ್ಯಾಬ್‌ನಲ್ಲೂ ದುರಸ್ತಿಗೆ ಮುಂಚೆ ಎಷ್ಟು ತಪ್ಪಿತ್ತು, ಆಮೇಲೆ ಎಷ್ಟು ಉಳಿಯಿತು ಅಂತ ಬೆಂಚಿನ ಸಾಲು ಸಮೇತ ಬರೆದುಕೊಂಡು ಬಾ. ಸರಾಸರಿ ತೆಗೆದು ಕಳಿಸಬೇಡ, 60 ಸಾಲೂ ನನಗೆ ಬೇಕು.

ಇಂತಿ,
ನಿನ್ನ ಮಾವ