ಥ್ರಾಟಲ್‌ಗೆ ಪಾಟ್ ಕೊಳ್ಳುವ ಮುಂಚೆ

ನಮಸ್ಕಾರ. ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್‌ಗಾಗಿ ಮನೆಯಲ್ಲಿ ಸೆಸ್ನಾ 172 ಎಂಬ ಸಣ್ಣ ವಿಮಾನದ ಕಾಕ್‌ಪಿಟ್ ಕಟ್ಟುತ್ತಿರುವವರು, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋಗುವ ಮುಂಚೆ ಇದನ್ನು ಓದಿಬಿಡಿ. ಥ್ರಾಟಲ್‌ಗೆ, ಅಂದರೆ ಎಂಜಿನ್ ಪವರ್ ಹೆಚ್ಚು ಕಡಿಮೆ ಮಾಡುವ ಹಿಡಿಗೆ, ತರುವ ಪೊಟೆನ್ಷಿಯೋಮೀಟರ್ (ಪಾಟ್, ತಿರುಗಿಸಿದಂತೆ ರೆಸಿಸ್ಟೆನ್ಸ್ ಬದಲಾಗುವ ಬಿಡಿಭಾಗ) ಲೀನಿಯರ್ ಇರಬೇಕು, ಅಂದರೆ ತಿರುಗಿಸಿದಷ್ಟೇ ಸಮನಾಗಿ ಬದಲಾಗಬೇಕು. ಸಾಮಾನ್ಯವಾಗಿ ಅದರ ಮೇಲೆ ‘ಬಿ10ಕೆ’ ಅಂತ ಇರುತ್ತೆ. ‘ಎ10ಕೆ’ ಬೇಡ, ಅದು ವಾಲ್ಯೂಮ್ ನಾಬಿಗೆ ಮಾಡಿದ್ದು. ನಾನು ಗೊತ್ತಿಲ್ಲದೆ ಅದನ್ನೇ ಹಾಕಿದ್ದೆ. ಹಿಡಿ ಅರ್ಧ ತಳ್ಳಿದರೂ ಎಂಜಿನ್ ಸುಮ್ನೆ ಗುರ್ ಅನ್ನುತ್ತಿತ್ತು, ಆಮೇಲೆ ಒಮ್ಮೆಲೇ ಫುಲ್ ಪವರ್! ಅಂಗಡಿಯಲ್ಲೇ ನಾಬನ್ನು ಮಧ್ಯಕ್ಕಿಟ್ಟು, ನಡುವಿನ ಕಾಲು ಮತ್ತು ಪಕ್ಕದ ಕಾಲಿಗೆ ರೆಸಿಸ್ಟೆನ್ಸ್ ಅಳೆಯಲು ಮಲ್ಟಿಮೀಟರ್ ಹಿಡಿಯಿರಿ. 10ಕೆ ಅಂದರೆ 10 ಕಿಲೋಓಮ್, ಅದರ ಅರ್ಧ ಸುಮಾರು 5 ಕಿಲೋಓಮ್ ಬಂದರೆ ಸರಿ.

ಇನ್ನೊಂದು ಮಾತು. ಪ್ಲೈವುಡ್ ಕೊರೆಯಲು ಆತುರ ಬೇಡ. ಮೊದಲು ರಟ್ಟಿನಲ್ಲಿ ಪ್ಯಾನಲ್ ಕತ್ತರಿಸಿ, ಕುರ್ಚಿಯಲ್ಲಿ ಕೂತು ಕೈ ಎಟುಕುತ್ತಾ ನೋಡಿ. ರಟ್ಟಾದರೆ ಪುಕ್ಕಟೆ, ಅಲ್ವಾ?