ಕೋಣೆಯ ಕಾರ್ಡಿನ ಮೇಲೆ ವಿಳಾಸ ಇರಲಿ

ಮಾನ್ಯ ಸಂಪಾದಕರೇ,

ಕೆಲಸದ ಮೇಲೆ ಊರೂರು ಸುತ್ತುವವರು ವ್ಯಾಯಾಮ ತಪ್ಪಿಸದಿರುವುದು ಹೇಗೆಂದು ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಬರಹವನ್ನು ಎರಡು ಸಲ ಓದಿದೆ. ಕೋಣೆಯಲ್ಲೇ 20 ನಿಮಿಷದ ಕಸರತ್ತು, ಲಿಫ್ಟ್ ಬಿಟ್ಟು ಮೆಟ್ಟಿಲು, ಇವೆಲ್ಲ ಸರಿ. ಕೊನೆಯಲ್ಲಿ ಮಾತ್ರ, ಓಡುವ ಹವ್ಯಾಸವಿದ್ದವರು ಹೊಸ ಊರನ್ನು ಓಡುತ್ತಲೇ ನೋಡಿಬರಲಿ ಎಂದು ಒಂದು ಸಾಲು ಸೇರಿಸಿದ್ದೀರಿ. ನನ್ನ ಮುಖ್ಯ ತಕರಾರು ಆ ಒಂದು ಸಾಲಿನ ಬಗ್ಗೆ, ಜೊತೆಗೆ ಹೋಟೆಲಿನವರಿಗೆ ಒಂದು ಕೋರಿಕೆ. 5 ಕಿಲೋಮೀಟರ್ ಓಡುವವರಿಗೆ ಅದು ಒಳ್ಳೆಯ ಮಾತೇ. ಮ್ಯಾರಥಾನ್‌ಗೆ ತಯಾರಾಗುತ್ತ ವಾರಕ್ಕೊಮ್ಮೆ 28 ಕಿಲೋಮೀಟರ್ ಓಡಬೇಕಾದವನು ಅದನ್ನು ನಂಬಿ ಹೊರಟರೆ ಏನಾಗುತ್ತದೆ ಎಂಬುದನ್ನು ನಾನು ಅನುಭವಿಸಿದ್ದೇನೆ.

ನನಗೆ 51 ವರ್ಷ. ಕಾರ್ಖಾನೆಗಳಲ್ಲಿರುವ ತೂಕದ ಯಂತ್ರಗಳು ಸರಿಯಾಗಿ ತೂಗುತ್ತಿವೆಯೇ ಎಂದು ಪರೀಕ್ಷಿಸುವುದು ನನ್ನ ಉದ್ಯೋಗ. ತಿಂಗಳ ಅರ್ಧದಷ್ಟು ದಿನಗಳು ಮನೆಯಲ್ಲಿರುವುದಿಲ್ಲ. 20 ಕಿಲೋ ತೂಗುವ ಬಟ್ಟುಗಳನ್ನು ಯಂತ್ರದ ಹಲಗೆಯ ನಾಲ್ಕು ಮೂಲೆಗಳಲ್ಲೂ ನಡುವೆಯೂ ಇಟ್ಟು ನೋಡುತ್ತೇನೆ. ಎಲ್ಲಿ ಇಟ್ಟರೂ ಒಂದೇ ಅಂಕಿ ಬರಬೇಕು. ಇಡೀ ದಿನ ಬಗ್ಗುವುದು, ಎತ್ತುವುದು, ಇಳಿಸುವುದು. ಬೆಳಿಗ್ಗೆ ಮೂರು ಗಂಟೆ ಓಡಿದ ಕಾಲುಗಳಿಗೆ ಆ ಬಗ್ಗುವಿಕೆ ಏನು ಹೇಳುತ್ತದೆ ಎಂಬುದನ್ನು ಬರೆಯುವುದು ಬೇಡ.

ಮೂರು ವರ್ಷದ ಹಿಂದಿನ ಮಾತು. ಮ್ಯಾರಥಾನ್‌ಗೆ ಐದು ವಾರ ಉಳಿದಿತ್ತು. ಒಂದು ದೊಡ್ಡ ಊರಿನಲ್ಲಿ, ಒಂದು ಸರಣಿ ಹೋಟೆಲಿನಲ್ಲಿ ಇಳಿದಿದ್ದೆ. ಊರಿನ ನಡುವೆ ಹರಿಯುವ ನದಿಯ ದಂಡೆಯಲ್ಲಿ ಚೆಂದದ ಕಾಲುದಾರಿ ಇದೆಯೆಂದು ನಕಾಶೆ ತೋರಿಸಿತು. 14 ಕಿಲೋಮೀಟರ್ ಹೋಗುವುದು, 14 ಬರುವುದು. ಐದಕ್ಕೆ ಹೊರಟರೆ ಎಂಟಕ್ಕೆ ವಾಪಸ್, ಒಂಬತ್ತಕ್ಕೆ ಕಾರ್ಖಾನೆ. ಕಾಗದದ ಮೇಲೆ ಎಷ್ಟು ಸಲೀಸು!

ಹೋಗುವಾಗ ಕಾಲುಗಳು ತಾವಾಗಿಯೇ ಓಡುತ್ತಿದ್ದವು. ಇವತ್ತು ಮೈ ಹಗುರವಾಗಿದೆ ಎಂದುಕೊಂಡೆ. ತಿರುಗಿದ ಮೇಲೆ ತಿಳಿಯಿತು, ಅಷ್ಟು ಹೊತ್ತು ಗಾಳಿ ಬೆನ್ನ ಹಿಂದಿತ್ತು. ಈಗ ಅದೇ ಗಾಳಿ ಎದೆಗೆ ಬಂದಿತು. ಅಷ್ಟರಲ್ಲಿ ಒಂದು ಸೇತುವೆಯ ಕೆಳಗೆ ಕಾಮಗಾರಿ ಆರಂಭಿಸಿ ದಾರಿಗೆ ತಗಡು ಅಡ್ಡ ಹಾಕಿದ್ದರು. ಮೇಲೆ ಹತ್ತಿ ರಸ್ತೆ ಬಳಸಿ ಬರೋಣವೆಂದು ಮೊಬೈಲ್ ತೆಗೆದರೆ ಅದು ಕಣ್ಣು ಮುಚ್ಚಿತ್ತು. ರಾತ್ರಿ ಚಾರ್ಜಿಗೆ ಹಾಕಿದ್ದೆನಲ್ಲ? ಹಾಕಿದ್ದೆ. ಆದರೆ ಈಗಿನ ಹಲವು ಹೋಟೆಲುಗಳಲ್ಲಿ ಕೀಲಿಕೈಯಾಗಿ ಕೊಡುವ ಕಾರ್ಡನ್ನು ಬಾಗಿಲ ಪಕ್ಕದ ಸಂದಿಯಿಂದ ತೆಗೆದರೆ ಇಡೀ ಕೋಣೆಯ ವಿದ್ಯುತ್ ಹೋಗುತ್ತದೆ. ಊಟಕ್ಕೆಂದು ಕೆಳಗಿಳಿದು, ಗಿರಾಕಿಗಳ ಜೊತೆ ಹರಟುತ್ತ ಹನ್ನೊಂದರವರೆಗೆ ಕುಳಿತಿದ್ದೆ. ಅಷ್ಟೂ ಹೊತ್ತು ಮೊಬೈಲ್ ಸತ್ತ ಪ್ಲಗ್ಗಿಗೆ ಅಂಟಿಕೊಂಡಿತ್ತು. ಮೇಲೆ ಬಂದವನು ಕಾರ್ಡನ್ನು ಮತ್ತೆ ಸಂದಿಗೆ ಹಾಕದೆ, ಮೊಬೈಲನ್ನೂ ನೋಡದೆ ಮಲಗಿಬಿಟ್ಟಿದ್ದೆ.

ಹೆದರಲಿಲ್ಲ, ಜೇಬಿನಲ್ಲಿ ಕೋಣೆಯ ಕಾರ್ಡ್ ಇತ್ತು. ತೆಗೆದು ನೋಡಿದೆ. ಮುಂಭಾಗದಲ್ಲಿ ಒಂದು ದಿಂಬು, ದಿಂಬಿನ ಮೇಲೆ ಒಂದು ಹೂವು. ಹಿಂಭಾಗದಲ್ಲಿ ಕಪ್ಪು ಪಟ್ಟಿ, ಸುಖನಿದ್ರೆಯ ಹಾರೈಕೆ, ಮುಂದಿನ ಸಲದ ಬಾಡಿಗೆಯಲ್ಲಿ ರಿಯಾಯಿತಿಯ ಜಾಹೀರಾತು. ಸರಣಿಯ ಹೆಸರಿತ್ತು. ರಸ್ತೆಯ ಹೆಸರಿಲ್ಲ, ಬಡಾವಣೆಯ ಹೆಸರಿಲ್ಲ, ದೂರವಾಣಿ ಸಂಖ್ಯೆಯಿಲ್ಲ. ಕಳ್ಳನ ಕೈಗೆ ಸಿಕ್ಕೀತೆಂದು ಕೋಣೆಯ ಸಂಖ್ಯೆಯನ್ನೂ ಹಾಕಿರಲಿಲ್ಲ, ಅದು ಜಾಣತನವೇ. ರಸ್ತೆ ಬದಿಯಲ್ಲಿ ವ್ಯಾನು ತೊಳೆಯುತ್ತಿದ್ದ ಒಬ್ಬರಿಗೆ ಕಾರ್ಡ್ ತೋರಿಸಿದೆ. ಅವರು ಒದ್ದೆ ಕೈಯಿಂದ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನಾಲ್ಕು ಬೆರಳೆತ್ತಿ, ನಾಲ್ಕು ದಿಕ್ಕಿಗೂ ಕೈ ತೋರಿಸಿದರು. ಆ ಹೆಸರಿನ ಹೋಟೆಲುಗಳು ಆ ಊರಿನಲ್ಲಿ ನಾಲ್ಕಿದ್ದವು! ನಾನು ಮೊದಲು ಹೋಗಿ ಮುಟ್ಟಿದ್ದು ನನ್ನದಲ್ಲದ ಹೋಟೆಲು. ಅಲ್ಲಿಯ ಹುಡುಗಿ ಹೆಸರು ಕೇಳಿ ಕಂಪ್ಯೂಟರಿನಲ್ಲಿ ಹುಡುಕಿ ದಾರಿ ಬರೆದುಕೊಟ್ಟಳು, ಕುಡಿಯಲು ನೀರನ್ನೂ ಕೊಟ್ಟಳು.

ಕೋಣೆ ಸೇರುವಾಗ 9 ಗಂಟೆ 40 ನಿಮಿಷ. ಓಡಿದ್ದು, ನಡೆದದ್ದು, ಕುಂಟಿದ್ದು ಎಲ್ಲ ಸೇರಿ 33 ಕಿಲೋಮೀಟರ್. ಬಟ್ಟುಗಳ ಪೆಟ್ಟಿಗೆ ನನ್ನ ಕೋಣೆಯಲ್ಲೇ ಇತ್ತು, ಹಾಗಾಗಿ ಬೇರೆ ಯಾರೂ ಕೆಲಸ ಆರಂಭಿಸುವಂತಿರಲಿಲ್ಲ. ಅಲ್ಲಿಯವರು ನನಗಾಗಿ ಒಂಬತ್ತರಿಂದ ಹನ್ನೊಂದರವರೆಗೆ ಒಂದು ಸಾಲಿನ ಯಂತ್ರಗಳನ್ನೆಲ್ಲ ನಿಲ್ಲಿಸಿಕೊಂಡು ಕುಳಿತಿದ್ದರು. ಮೇಲ್ವಿಚಾರಕರು ಒಂದು ಮಾತನ್ನೂ ಆಡದೆ ಗಡಿಯಾರ ನೋಡಿದರು. ಬೈದಿದ್ದರೆ ವಾಸಿಯಿತ್ತು.

ಆ ದಿನದಿಂದ ಪರಊರಿನಲ್ಲಿ ದೂರದ ಓಟವನ್ನು ಒಂದೇ ರೀತಿಯಲ್ಲಿ ಓಡುತ್ತೇನೆ: ಇಳಿದುಕೊಂಡ ಕಟ್ಟಡದ ಸುತ್ತ. ಸುಮಾರು 4 ಕಿಲೋಮೀಟರಿನ ಒಂದು ಸುತ್ತನ್ನು ಹಿಂದಿನ ಸಂಜೆಯೇ ನಡೆದು ನೋಡಿರುತ್ತೇನೆ. ದೀಪ ಎಲ್ಲಿ ಉರಿಯುವುದಿಲ್ಲ, ನಾಯಿಗಳು ಎಲ್ಲಿ ಮಲಗುತ್ತವೆ, ಚರಂಡಿಯ ಕಲ್ಲು ಎಲ್ಲಿ ಎದ್ದಿದೆ ಎಲ್ಲ ಕಣ್ಣಳತೆಗೆ ಬಂದಿರುತ್ತದೆ. ಅಂಥ ಏಳು ಸುತ್ತು. ಅರ್ಧ ಗಂಟೆಯಾಗುವ ಮೊದಲೇ ಮತ್ತೆ ನನ್ನ ಬಾಗಿಲ ಮುಂದೆ ಬಂದಿರುತ್ತೇನೆ. ನೀರು ಅಲ್ಲೇ, ಖರ್ಜೂರ ಅಲ್ಲೇ, ಶೌಚಾಲಯ ಅಲ್ಲೇ. ಹೊಟ್ಟೆ ಕೆಟ್ಟರೆ, ಮೀನಖಂಡ ಹಿಡಿದುಕೊಂಡರೆ, ಕಾರ್ಖಾನೆಯಿಂದ ಬೇಗ ಬನ್ನಿ ಎಂದು ಕರೆ ಬಂದರೆ ಆ ಸುತ್ತಿಗೇ ನಿಲ್ಲಿಸಬಹುದು. ಬೇಸರವಾಗುವುದಿಲ್ಲವೇ ಎಂದು ಕೇಳುತ್ತಾರೆ. ಆಗುತ್ತದೆ. ಮ್ಯಾರಥಾನ್‌ನ 35ನೇ ಕಿಲೋಮೀಟರಿನಲ್ಲೂ ಬೇಸರವೇ ಆಗುವುದು. ಅದಕ್ಕೂ ಅಭ್ಯಾಸ ಬೇಕಲ್ಲ.

ಒಮ್ಮೆ ನನಗೆ ಭಾಷೆಯೇ ಬಾರದ ಊರಿನಲ್ಲಿ, ಹೋಟೆಲಿನ ವಯಸ್ಸಾದ ಕಾವಲುಗಾರರೊಬ್ಬರ ಕುರ್ಚಿಯ ಪಕ್ಕ ನೀರಿನ ಬಾಟಲಿ ಇಟ್ಟು ಓಡುತ್ತಿದ್ದೆ. ಪ್ರತಿ ಸುತ್ತಿಗೂ ಅವರು ಬೆರಳೆತ್ತಿ ಲೆಕ್ಕ ತೋರಿಸುತ್ತಿದ್ದರು. ಒಂದು ಸಲ ನನ್ನ ಗಡಿಯಾರ ಐದು ಎಂದಿತು, ಅವರು ನಾಲ್ಕು ಬೆರಳು ತೋರಿಸಿದರು. ನಾನು ಗಡಿಯಾರವನ್ನು ಅವರ ಮುಖದ ಮುಂದೆ ಹಿಡಿದೆ. ಅವರು ತಲೆಯಾಡಿಸಿ, ಕುರ್ಚಿಯ ಕೈಯ ಮೇಲೆ ಸಾಲಾಗಿ ಇಟ್ಟಿದ್ದ ನಾಲ್ಕು ಬೆಂಕಿಕಡ್ಡಿ ತೋರಿಸಿದರು. ಕೋಣೆಗೆ ಬಂದು ಸಮಯ ಕೂಡಿಸಿದಾಗ ಗೊತ್ತಾಯಿತು, ಬೆವರಿನ ಬೆರಳಿನಿಂದ ನಾನು ಗುಂಡಿಯನ್ನು ಎರಡು ಸಲ ಒತ್ತಿದ್ದೆ. ಅಳತೆಯೇ ಹೊಟ್ಟೆಪಾಡಾದವನಿಗೆ ಬೆಂಕಿಕಡ್ಡಿಯ ಎದುರು ಸೋಲು.

ಜಿಪಿಎಸ್ ಗಡಿಯಾರವನ್ನು ನಾನು ಮೊದಲಿನಿಂದಲೂ ಪೂರ್ತಿ ನಂಬಿದವನಲ್ಲ. ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಗೋಡೆಗಳಿಗೆ ಬಡಿದು, ಸುತ್ತಿ ಬಂದು ತಲುಪುತ್ತದೆ. ಆ ಹೆಚ್ಚುವರಿ ದಾರಿಯನ್ನು ತಿಳಿಯದ ಗಡಿಯಾರ ನಮ್ಮನ್ನು ರಸ್ತೆಯ ಆಚೆ ಬದಿಯ ಗೋಡೆಯೊಳಗೂ ಓಡಿಸಿಬಿಡುತ್ತದೆ. ಅದೇ ಸುತ್ತು ನನಗೆ ಒಮ್ಮೆ 3.97, ಒಮ್ಮೆ 4.11 ಎಂದು ತೋರಿಸಿದೆ. ಮ್ಯಾರಥಾನ್‌ನ ದೂರವಾದ 42.195 ಕಿಲೋಮೀಟರ್ ಎಂಬ ಅಂಕಿ 1908ರ ಲಂಡನ್ ಒಲಿಂಪಿಕ್ಸ್‌ನ ಓಟದಿಂದ ಬಂದದ್ದು, 1921ರಲ್ಲಿ ಅದೇ ಕಾಯಂ ಆಯಿತು. ಅಧಿಕೃತ ಓಟದ ದಾರಿಯನ್ನು ಇಂದಿಗೂ ಅಳೆಯುವುದು ಸೈಕಲ್ಲಿನಿಂದ. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಪುಟ್ಟ ಎಣಿಕೆ ಯಂತ್ರ ಕಟ್ಟಿ, ಉಕ್ಕಿನ ಟೇಪಿನಿಂದ ಅಳೆದ ನೇರ ರಸ್ತೆಯ ಮೇಲೆ ಮೊದಲು ಅದನ್ನು ಪರೀಕ್ಷಿಸಿ, ತಿರುವುಗಳಲ್ಲಿ ಅತಿ ಹತ್ತಿರದ ಗೆರೆ ಹಿಡಿದು ತುಳಿಯುತ್ತಾರೆ. ಹಾಗೆ ಅಳೆದ ಮೇಲೂ ದಾರಿ ಗಿಡ್ಡವಾಗದಿರಲೆಂದು ಕಿಲೋಮೀಟರಿಗೆ 1 ಮೀಟರ್ ಹೆಚ್ಚಿಗೆ ಬಿಡುತ್ತಾರೆ. ಇದನ್ನು ಓದಿದಾಗ ನನ್ನ ವೃತ್ತಿಯ ಬಂಧುಗಳು ಸಿಕ್ಕಂತಾಯಿತು. ನಾನು ಪರಊರಿನಲ್ಲಿ ದೂರ ನೋಡುವುದನ್ನೇ ಬಿಟ್ಟಿದ್ದೇನೆ. ಮೂರು ಗಂಟೆ ಎಂದರೆ ಮೂರು ಗಂಟೆ. ಕಾಲುಗಳಿಗೆ ಗೊತ್ತಾಗುವುದು ಅದೇ.

ಹೋಟೆಲಿನ ಟ್ರೆಡ್‌ಮಿಲ್ ಇದೆಯಲ್ಲ ಎನ್ನುವವರಿಗೂ ಒಂದು ಮಾತು. ನಾನು ಒಮ್ಮೆ ಅದರ ಪಟ್ಟಿಯನ್ನು ಟೇಪಿನಿಂದ ಅಳೆದೆ, 3.2 ಮೀಟರ್ ಬಂದಿತು. ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಗಂಟೆಗೆ 10 ಕಿಲೋಮೀಟರ್ ಎಂದು ತೋರಿಸುತ್ತಿರುವಾಗ ಎಣಿಸಿದರೆ ನಿಮಿಷಕ್ಕೆ 50 ಸುತ್ತು. ಎಂದರೆ 160 ಮೀಟರ್, ಗಂಟೆಗೆ 9.6 ಕಿಲೋಮೀಟರ್. 28 ಓಡಿದೆನೆಂದು ಬೀಗುವವನು ಓಡಿದ್ದು 27ಕ್ಕೂ ಕಡಿಮೆ. ಅದೂ ಒಂದು ಗಂಟೆಯಾದೊಡನೆ ಯಂತ್ರ ತಾನಾಗಿ ನಿಂತು ಮತ್ತೆ ಸೊನ್ನೆಯಿಂದ ಶುರು. ಹೊರಗೆ ಸಿಡಿಲು ಮಿಂಚು ಇದ್ದರೆ ಅದರ ಮೇಲೂ ಓಡಿದ್ದೇನೆ, ಸುಳ್ಳು ಹೇಳುವುದಿಲ್ಲ.

ಓದುಗರಿಗೆ ನಿಜವಾಗಿ ಬೇಕಾಗಿರುವ ತಿಳಿವಳಿಕೆ ಬೇರೆಯೇ ಇದೆ. ಸಮತಟ್ಟಾದ ನೆಲದಲ್ಲಿ ಓಡಲು ಕಿಲೋಮೀಟರಿಗೆ, ಮೈತೂಕದ ಪ್ರತಿ ಕಿಲೋಗೆ, ಸುಮಾರು ಒಂದು ಕಿಲೋಕ್ಯಾಲೊರಿ ಬೇಕು. ನನ್ನ 64 ಕಿಲೋಗೆ, 28 ಕಿಲೋಮೀಟರಿಗೆ, 1,800ರ ಹತ್ತಿರ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ಪಿಷ್ಟದಂಥ ರೂಪದಲ್ಲಿ ಕೂಡಿಟ್ಟದ್ದು ಹೆಚ್ಚೂಕಡಿಮೆ 2,000. ಜೊತೆಗೆ ಕೊಬ್ಬೂ ಉರಿಯುತ್ತದೆ, ಹಾಗಾಗಿ ದಾಟಬಹುದು. ಆದರೆ ಪ್ರಯಾಣದ ದಿನ ಅರೆಹೊಟ್ಟೆಯಲ್ಲಿ ಕಳೆದು, ಮರುದಿನ ಬೆಳಿಗ್ಗೆ ಹೊರಟವನ ಉಗ್ರಾಣ ತುಂಬಿರುವುದಿಲ್ಲ. ವಿಮಾನದೊಳಗಿನ ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇ 20ಕ್ಕಿಂತ ಕಡಿಮೆ. ಗಂಟಲು ಒಣಗಿಯೇ ಇಳಿಯುತ್ತೇವೆ. ಹಲವು ಗಂಟೆಗಳ ಕಾಲವ್ಯತ್ಯಾಸ ದಾಟಿದ್ದರೆ ದೇಹದ ಗಡಿಯಾರ ಹೊಂದಿಕೊಳ್ಳುವುದು ದಿನಕ್ಕೆ ಸುಮಾರು ಒಂದು ಗಂಟೆಯಂತೆ. ಆದ್ದರಿಂದ ತಲುಪಿದ ಮರುದಿನವೇ ದೂರದ ಓಟ ಇಟ್ಟುಕೊಳ್ಳುವುದಿಲ್ಲ. ಹಿಂದಕ್ಕೆ ಹಾಕುತ್ತೇನೆ ಅಥವಾ ಹೊರಡುವ ಮೊದಲೇ ಮುಗಿಸುತ್ತೇನೆ. ವಾಹನಗಳು ಇನ್ನೊಂದು ಬದಿಯಲ್ಲಿ ಚಲಿಸುವ ದೇಶದಲ್ಲಂತೂ, ದಣಿದ ತಲೆ ರಸ್ತೆ ದಾಟುವಾಗ ತಪ್ಪು ಕಡೆಗೇ ತಿರುಗುತ್ತದೆ. ಸುತ್ತು ಹಾಕಿ ಓಡುವುದರಲ್ಲಿ ಇದೂ ಒಂದು ಲಾಭ: ಒಂದೇ ಬದಿ ಹಿಡಿದು ತಿರುಗಿದರೆ ರಸ್ತೆ ದಾಟುವ ಪ್ರಸಂಗವೇ ಕಡಿಮೆ.

ನೀರಿನ ವಿಷಯ. ಸಾಧ್ಯವಾದಷ್ಟು ಕುಡಿಯಿರಿ ಎಂದು ನಿಮ್ಮ ಬರಹದಲ್ಲಿದೆ. ದಯವಿಟ್ಟು ಅದನ್ನು ತಿದ್ದಿ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿ ರಕ್ತ ಪರೀಕ್ಷೆಗೆ ಒಪ್ಪಿದ 488 ಓಟಗಾರರಲ್ಲಿ ಶೇ 13ರಷ್ಟು ಮಂದಿಯ ರಕ್ತದಲ್ಲಿ ಸೋಡಿಯಂ, ಎಂದರೆ ಉಪ್ಪಿನಂಶ, ಇರಬೇಕಾದ್ದಕ್ಕಿಂತ ಕಡಿಮೆಯಿತ್ತು. ಓಟದ ವೇಳೆ ಮೈತೂಕ ಹೆಚ್ಚಿಸಿಕೊಳ್ಳುವಷ್ಟು ಕುಡಿದವರಲ್ಲಿಯೇ ಆ ಅಪಾಯ ಹೆಚ್ಚು. ಹಾಗಾದರೆ ಎಷ್ಟು ಕುಡಿಯಬೇಕು? ತೂಗಿ ನೋಡಿ. ಓಟದ ಮೊದಲು 64.2 ಕಿಲೋ ಇದ್ದವನು, ಮೈ ಒರೆಸಿಕೊಂಡು ನಿಂತಾಗ 62.9 ಇದ್ದೆ, ನಡುವೆ ಕುಡಿದದ್ದು 0.6 ಲೀಟರ್. ಬೆವರಿದ್ದು 1.9 ಲೀಟರ್. ಹೋಟೆಲಿನ ವ್ಯಾಯಾಮಶಾಲೆಯ ತೂಕದ ಯಂತ್ರ ಅರ್ಧ ಕಿಲೋ ಸುಳ್ಳು ಹೇಳಿದರೂ ಚಿಂತೆಯಿಲ್ಲ, ಎರಡು ಸಲವೂ ಒಂದೇ ಸುಳ್ಳು ಹೇಳಿದರೆ ವ್ಯತ್ಯಾಸ ಸರಿಯಾಗಿಯೇ ಇರುತ್ತದೆ. ನಮ್ಮದಕ್ಕಿಂತ ಸೆಕೆ ಹೆಚ್ಚಿರುವ ಊರಿಗೆ ಹೋದಾಗ ಈ ಲೆಕ್ಕ ಮತ್ತೆ ಮಾಡಬೇಕು. ಸೆಕೆಗೆ ಮೈ ಒಗ್ಗಲು ಹತ್ತು ಹದಿನಾಲ್ಕು ದಿನ ಹಿಡಿಯುತ್ತದೆ, ಕೆಲಸದ ಪ್ರವಾಸಕ್ಕೆ ಅಷ್ಟು ದಿನ ಯಾರು ಕೊಡುತ್ತಾರೆ? ವೇಗ ತಗ್ಗಿಸುವುದೊಂದೇ ದಾರಿ.

ಇನ್ನು ನನ್ನ ಮುಖ್ಯ ಕೋರಿಕೆ ಹೋಟೆಲುಗಳ ಮಾಲೀಕರಿಗೆ, ನಿಮ್ಮ ಪತ್ರಿಕೆಯ ಮೂಲಕ. ದಿಂಬು ಹೂವು ಇರಲಿ. ಕಾರ್ಡಿನ ಹಿಂಭಾಗದಲ್ಲಿ, ಜಾಹೀರಾತಿನ ಜಾಗದಲ್ಲಿ, ಒಂದು ದೂರವಾಣಿ ಸಂಖ್ಯೆ ಮತ್ತು ರಸ್ತೆಯ ಹೆಸರು ಅಚ್ಚು ಮಾಡಿಸಿ. ಕಾರ್ಡ್ ಕಳೆದುಹೋದರೆ ಕಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ ಎಂಬ ಅಳುಕಿದ್ದರೆ, ಬಂದವರ ಕೈಗೆ ವಿಳಾಸದ ಚೀಟಿಯೊಂದನ್ನು ಬೇರೆಯಾಗಿಯೇ ಕೊಡಿ. ಓಡುವವರಿಗಷ್ಟೇ ಅಲ್ಲ, ಸಂಜೆ ಸುತ್ತಾಡಲು ಹೋದ ಹಿರಿಯರಿಗೂ ಅದು ಬೇಕಾಗುತ್ತದೆ. ಮೊಬೈಲ್ ಇದೆಯಲ್ಲ ಎನ್ನಬೇಡಿ. ಅದು ಸಾಯುವುದು ಬೇಕಾದ ಹೊತ್ತಿಗೇ, ಅದೂ ನಿಮ್ಮ ಪ್ಲಗ್ಗಿನಲ್ಲಿಯೇ.

ಬರುವ ಮಂಗಳವಾರ ಮತ್ತೆ ಹೊರಡುತ್ತಿದ್ದೇನೆ, ಗುರುವಾರ ಮೂರು ಗಂಟೆಯ ಓಟವಿದೆ. ಹೋಟೆಲಿಗೆ ಕರೆ ಮಾಡಿ, ನಿಮ್ಮ ಕಾರ್ಡಿನ ಮೇಲೆ ವಿಳಾಸವಿದೆಯೇ ಎಂದು ಕೇಳಿದೆ. ಆ ಹುಡುಗ ಸ್ವಲ್ಪ ಕಾಯಲು ಹೇಳಿ ಹೋದ, ಸಂಗೀತ ಕೇಳಿಸಿದ, ಮತ್ತೆ ಬಂದು ಕೋಣೆ ಖಾಲಿ ಮಾಡಬೇಕಾದ ಸಮಯವನ್ನು ಹಾಕಿದ್ದೇವೆ ಸರ್ ಎಂದ. ವಿಳಾಸವನ್ನು ಬರೆದುಕೊಂಡು, ಪ್ಲಾಸ್ಟಿಕ್ ಲಕೋಟೆಗೆ ಹಾಕಿ, ಶೂಗಳೊಳಗೆ ಇಟ್ಟುಕೊಂಡಿದ್ದೇನೆ.

ಇತಿ,
ನಿಮ್ಮ ಓದುಗ, ತೂಕದ ಯಂತ್ರಗಳ ಪರೀಕ್ಷಕ