ನನ್ನ ಗಂಟಲು ವಾಪಸ್ ಬಂತು, ನಿಮಗೆಲ್ಲ ಒಂದು ಥ್ಯಾಂಕ್ಸ್ ಬಾಕಿ ಇತ್ತು

ಮೊನ್ನೆ ನವೆಂಬರ್ 1ಕ್ಕೆ ನಮ್ಮ ಸ್ಕೂಲಿನ ರಾಜ್ಯೋತ್ಸವಕ್ಕೆ ನಿರೂಪಣೆ ನಾನೇ ಮಾಡ್ದೆ. ಮುಕ್ಕಾಲು ಗಂಟೆ, ನಿಂತ್ಕೊಂಡು, ನನ್ನ ಸ್ವಂತ ಗಂಟಲಲ್ಲಿ. ಕನ್ನಡ ಮೇಡಂ ನಿರೂಪಣೆ ಮಾಡದೆ ಇನ್ಯಾರು ಮಾಡ್ತಾರೆ, ಅದ್ರಲ್ಲೇನಿದೆ ಅಂತ ಅನ್ನಿಸಬಹುದು. ಆದ್ರೆ ಹೋದ ವರ್ಷ ಅದೇ ದಿನ ನಾನು ಕುತ್ತಿಗೆಗೆ ಪಟ್ಟಿ ಹಾಕ್ಕೊಂಡು ಮನೇಲಿ ಮಲಗಿದ್ದೆ, ಪಕ್ಕದ ರೂಮಲ್ಲಿರೋ ಮಗನ್ನ ಕರೀಬೇಕಂದ್ರೆ ಲೋಟಕ್ಕೆ ಚಮಚದಲ್ಲಿ ಹೊಡೀಬೇಕಿತ್ತು. ಕಾರ್ಯಕ್ರಮ ಮುಗಿದ ಮೇಲೆ ಸ್ಟಾಫ್ ರೂಮಲ್ಲಿ ಎಲ್ರಿಗೂ ಥ್ಯಾಂಕ್ಸ್ ಹೇಳ್ಬೇಕು ಅಂತ ಎದ್ದು ನಿಂತೆ, ಅಳು ಬಂತು, ಹೇಳಕ್ಕಾಗ್ಲಿಲ್ಲ. ಅದಕ್ಕೇ ಇಲ್ಲಿ ಬರೀತಾ ಇದ್ದೀನಿ. ಉದ್ದ ಆಗುತ್ತೆ, ಆಗ್ಲಿ.

ನಾಲ್ಕೈದು ವರ್ಷದಿಂದ ನನ್ನ ಕುತ್ತಿಗೇಲಿ ಥೈರಾಯ್ಡ್ ಗಡ್ಡೆ ಬೆಳೀತಾ ಇತ್ತು, ನಮ್ಮತ್ತೆ ಅದನ್ನ ಗಳಗಂಡ ಅಂತಾರೆ. ಮೊದಲು ಸೀರೆ ಸೆರಗಲ್ಲಿ ಮುಚ್ಕೋತಿದ್ದೆ, ಆಮೇಲೆ ಅಂಗಾತ ಮಲಗಿದ್ರೆ ಉಸಿರು ಕಟ್ಟೋಕೆ ಶುರುವಾಯ್ತು, ಮುದ್ದೆ ನುಂಗಿದ್ರೆ ಅಲ್ಲೇ ನಿಂತ ಹಾಗೆ. ಸೂಜಿ ಹಾಕಿ ಟೆಸ್ಟ್ ಮಾಡಿದ್ರು, ಖಂಡಿತವಾಗಿ ಹೀಗೇ ಅಂತ ಹೇಳಕ್ಕಾಗಲ್ಲ, ಪೂರ್ತಿ ತೆಗೆದು ಬಯಾಪ್ಸಿಗೆ ಕಳಿಸೋಣ ಅಂದ್ರು. ರಜೆ ಉಳಿಯುತ್ತೆ ಅಂತ ದಸರಾ ರಜಕ್ಕೇ ಆಪರೇಷನ್ ಹೊಂದಿಸ್ಕೊಂಡೆ. ಒಂಬತ್ತು ದಿನ ಆದ್ಮೇಲೆ ರಿಪೋರ್ಟ್ ಬಂತು, ಕ್ಯಾನ್ಸರ್ ಇಲ್ಲ. ಮನೆಯವರೆಲ್ಲ ದೇವರಿಗೆ ಕೈ ಮುಗಿದ್ರು, ನಾನೂ ಮುಗಿದೆ, ಅಲ್ಲಿಗೆ ಎಲ್ಲ ಮುಗೀತು ಅಂದ್ಕೊಂಡ್ವಿ.

ಥೈರಾಯ್ಡ್ ಹಿಂದೆ ಭತ್ತದ ಕಾಳಿನಷ್ಟು ನಾಲ್ಕು ಪುಟ್ಟ ಗ್ರಂಥಿ ಇರ್ತವಂತೆ, ರಕ್ತದಲ್ಲಿರೋ ಕ್ಯಾಲ್ಸಿಯಂ ನೋಡ್ಕೊಳ್ಳೋದು ಅವೇ. ಆಪರೇಷನ್ ಆದಾಗ ಅವೂ ಸ್ವಲ್ಪ ದಿನ ಸುಸ್ತಾಗ್ತವೆ, ತುಟಿ ಸುತ್ತ ಜುಮ್ ಅನ್ನುತ್ತೆ, ಬೆರಳ ತುದಿ ಮರಗಟ್ಟುತ್ತೆ. ಅದಕ್ಕೆ ಕ್ಯಾಲ್ಸಿಯಂ ಮಾತ್ರೆ ಇತ್ತು, ಸರಿ ಹೋಯ್ತು. ಸರಿ ಹೋಗದೆ ಉಳಿದಿದ್ದು ಧ್ವನಿ. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದ್ರು, ಎಡಗಡೆ ಸ್ವರತಂತು ಅಲ್ಲಾಡ್ತಾ ಇಲ್ಲ. ಅದನ್ನ ಆಡಿಸೋ ನರ ಥೈರಾಯ್ಡ್‌ಗೆ ಒತ್ಕೊಂಡೇ ಹೋಗುತ್ತೆ, ಎಡಗಡೇದಂತೂ ಎದೆ ತನಕ ಇಳಿದು ಮತ್ತೆ ಮೇಲಕ್ಕೆ ಬರುತ್ತೆ. ಕತ್ತರಿಸಿ ಹೋಗಿಲ್ಲ, ಎಳೆತಕ್ಕೆ ಸಿಕ್ಕಿದೆ ಅಷ್ಟೇ, ತಿಂಗಳುಗಳು ಹಿಡಿಬಹುದು, ಬರುತ್ತೆ ಅಂದ್ರು. ಇಪ್ಪತ್ತೊಂದು ವರ್ಷ ಗಂಟಲು ನಂಬ್ಕೊಂಡೇ ಅನ್ನ ತಿಂದವಳಿಗೆ "ಬರುತ್ತೆ" ಅನ್ನೋ ಮಾತು ಎಷ್ಟು ದಿನ ಸಾಲುತ್ತೆ ಹೇಳಿ.

ನವೆಂಬರ್ ಮಧ್ಯದಲ್ಲಿ ಡ್ಯೂಟಿಗೆ ಹಾಜರಾದೆ. ಹತ್ತನೇ ಕ್ಲಾಸು, 58 ಮಕ್ಕಳು, ಎಸ್ಸೆಸ್ಸೆಲ್ಸಿ ಹತ್ರ ಬರ್ತಾ ಇದೆ. ಬಾಯಿ ತೆಗೆದ್ರೆ ಗಾಳಿ ಬರುತ್ತೆ, ಮಾತು ಬರಲ್ಲ. ಹಿಂದಿನ ಬೆಂಚಿಂದ ಒಬ್ಬ ಎದ್ದು ನಿಂತು ತುಂಬ ಮೆತ್ತಗೆ "ಮಿಸ್, ಕೇಳಿಸ್ತಾ ಇಲ್ಲ ಮಿಸ್" ಅಂದ. ಕೀಟಲೆಗಲ್ಲ, ಪಾಪ ಅವನಿಗೆ ನಿಜವಾಗ್ಲೂ ಕೇಳಿಸ್ತಿರಲಿಲ್ಲ. ನಾನು ಬೋರ್ಡಿನ ಕಡೆ ತಿರುಗಿ ಬರೀತಾನೇ ಇದ್ದೆ, ಬೆಲ್ ಹೊಡೆಯೋ ತನಕ ತಿರುಗಲಿಲ್ಲ.

ಅಲ್ಲಿಂದ ಮುಂದೆ ಏನೇನಾಯ್ತು ಅಂತ ಸರಿಯಾಗಿ ಜೋಡಿಸಿ ಹೇಳೋಕೆ ನನಗೆ ಈಗ್ಲೂ ಬರಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗೋದು, ಮತ್ತೆ ನಿದ್ದೆ ಇಲ್ಲ. ತಲೆ ಬಾಚ್ಕೊಳ್ಳೋದು ಒಂದು ದೊಡ್ಡ ಕೆಲಸ ಅನ್ನಿಸೋದು. ಒಂದಿನ ಬಸ್ಸಲ್ಲಿ ನಮ್ಮ ಸ್ಟಾಪ್ ಬಂತು, ಕಂಡಕ್ಟರ್ "ಮೇಡಂ, ಸ್ಕೂಲು" ಅಂದ್ರು, ನಾನು ಏಳಲೇ ಇಲ್ಲ, ಕೊನೇ ಸ್ಟಾಪ್ ತನಕ ಹೋಗಿ ಅದೇ ಬಸ್ಸಲ್ಲಿ ವಾಪಸ್ ಬಂದೆ. ಮನೇಲಿ ಯಾರಿಗೂ ಹೇಳಲಿಲ್ಲ. ಕತ್ತಿನ ಗಾಯ ಒಣಗಿದೆ, ಕ್ಯಾನ್ಸರ್ ಅಲ್ಲ ಅಂತಾಗಿದೆ, ಇನ್ನು ಅಳೋಕೆ ನನಗೇನು ಹಕ್ಕಿದೆ ಅನ್ನೋದೇ ತಲೇಲಿ ಓಡ್ತಿತ್ತು. ಬಂದವರೆಲ್ಲ ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂತ ಹೇಳಿ ಹೋಗೋರು, ಒಳ್ಳೆ ಮನಸ್ಸಿಂದಾನೇ ಹೇಳ್ತಿದ್ರು, ಆದ್ರೆ ಆ ಮಾತು ಕೇಳಿದಾಗೆಲ್ಲ ತಪ್ಪು ನಂದೇ ಅಂತ ಇನ್ನೂ ಕುಗ್ತಿದ್ದೆ.

ಈಗ ನಮ್ಮ ಸಮಾಜ ವಿಜ್ಞಾನದ ಮೇಡಂ ವಿಷಯ, ಅಕ್ಕ ಅಂತಾನೇ ಕರೆಯೋದು ನಾನು. ಅಕ್ಕ ನನ್ನನ್ನ ಹೇಗಿದ್ದೀಯ ಅಂತ ಒಂದ್ಸಲಾನೂ ಕೇಳಲಿಲ್ಲ. ಅವ್ರು ನೋಡಿದ್ದು ನನ್ನ ಟೇಬಲ್ ಮೇಲಿದ್ದ ಪೇಪರ್ ಬಂಡಲ್. ಟೆಸ್ಟ್ ಪೇಪರು, ಮೂರು ವಾರ ಆಗಿತ್ತು, ಕಟ್ಟಿದ ದಾರ ಬಿಚ್ಚಿರಲಿಲ್ಲ. ಎರಡು ದಿನಕ್ಕಿಂತ ಜಾಸ್ತಿ ಪೇಪರ್ ಇಟ್ಕೊಂಡವಳಲ್ಲ ನಾನು, ಅದು ಅಕ್ಕನಿಗೆ ಗೊತ್ತು. ಒಂದಿನ ಊಟದ ಬಿಡುವಲ್ಲಿ ಬಂದು ಪಕ್ಕ ಕೂತ್ರು, ದಾರ ಬಿಚ್ಚಿದ್ರು, ಅರ್ಧ ತಮ್ಮ ಕಡೆ ಎಳ್ಕೊಂಡ್ರು, "ಸ್ಕೀಮ್ ಕೊಡು, ಆಬ್ಜೆಕ್ಟಿವ್ ನಾನು ನೋಡ್ತೀನಿ" ಅಂದ್ರು. ಕೆಂಪು ಪೆನ್ನು ಹಿಡ್ಕೊಂಡು ಕೂತಿದ್ದ ನಾನು ಅಲ್ಲೇ ಅತ್ತುಬಿಟ್ಟೆ, ಧ್ವನಿ ಇಲ್ಲದೆ ಅಳೋದು ಹೇಗಿರುತ್ತೆ ಅಂತ ಅವತ್ತು ಗೊತ್ತಾಯ್ತು. ಅಕ್ಕ ಪೇಪರ್ ತಿದ್ದೋದು ನಿಲ್ಲಿಸಲಿಲ್ಲ, ಎಡಗೈ ನನ್ನ ಬೆನ್ನ ಮೇಲಿಟ್ಟು ಬಲಗೈಲಿ ತಿದ್ತಾನೇ ಇದ್ರು. ಅದೇ ನನಗೆ ಬೇಕಾಗಿದ್ದಿದ್ದು.

ಅವತ್ತು ಸಂಜೆ ಲೈಬ್ರರಿ ರೂಮಲ್ಲಿ ಕೂತು ಅಕ್ಕನೇ 14416ಕ್ಕೆ ಫೋನ್ ಹಚ್ಚಿದ್ರು. ಟೆಲಿ ಮನಸ್ ಅಂತ, ಮನಸ್ಸಿನ ಕಷ್ಟಕ್ಕೆ ಇರೋ ಸರ್ಕಾರಿ ಸಹಾಯವಾಣಿ, 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು, ಇದರ ಹಿಂದೆ ನಮ್ಮ ನಿಮ್ಹಾನ್ಸ್ ಇದೆ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ನನಗೆ ಎರಡು ವಾಕ್ಯ ಹೇಳೋಷ್ಟರಲ್ಲಿ ಉಸಿರು ಸೋಲ್ತಿತ್ತು. ಆ ಕಡೆ ಇದ್ದ ಹುಡುಗಿ "ನಿಧಾನ ಮೇಡಂ, ನನಗೇನೂ ಅವಸರ ಇಲ್ಲ" ಅಂದ್ಲು. ಹೆಸರು ಗೊತ್ತಿಲ್ಲದ ತಾಯಿ, ನಿನಗೆ ಪುಣ್ಯ ಬರ್ಲಿ. ನಮ್ಮ ತಾಲೂಕು ಆಸ್ಪತ್ರೇಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಇರುತ್ತೆ, ಮನೋವೈದ್ಯರು ಅಲ್ಲಿಗೇ ಬರ್ತಾರೆ ಅನ್ನೋದು ಅವಳಿಂದಾನೇ ತಿಳಿದಿದ್ದು. ಇಷ್ಟು ವರ್ಷ ಆ ಆಸ್ಪತ್ರೆ ಮುಂದೇನೇ ಓಡಾಡಿದ್ದೀನಿ, ಗೊತ್ತಿರಲಿಲ್ಲ.

ಆ ಡಾಕ್ಟರು ಮೊದಲು ಕೇಳಿದ್ದು ಮನಸ್ಸಿನ ವಿಷಯ ಅಲ್ಲ, ಥೈರಾಯ್ಡ್ ತೆಗೆದ್ಮೇಲೆ ದಿನಾ ತಗೋಬೇಕಾದ ಹಾರ್ಮೋನ್ ಮಾತ್ರೆ ಹೇಗೆ ತಗೋತೀರಿ ಅಂತ. ಬೆಳಿಗ್ಗೆ ಎದ್ದು ಮಾತ್ರೆ, ಹಿಂದೇನೇ ಕಾಫಿ, ಅದರ ಜೊತೇಲೇ ಕ್ಯಾಲ್ಸಿಯಂ ಅಂದೆ. ಪಾಪ ಅವ್ರು ತಲೆ ಮೇಲೆ ಕೈ ಇಟ್ಕೊಂಡ್ರು. ಖಾಲಿ ಹೊಟ್ಟೇಲಿ ಬರೀ ನೀರಲ್ಲಿ ತಗೋಬೇಕು, ಕಾಫಿಗೆ ಕಮ್ಮಿ ಅಂದ್ರೂ ಅರ್ಧ ಮುಕ್ಕಾಲು ಗಂಟೆ ಬಿಡಬೇಕು, ಕ್ಯಾಲ್ಸಿಯಂಗೆ ನಾಲ್ಕು ಗಂಟೆ ಬಿಡಬೇಕು, ಇಲ್ಲಾಂದ್ರೆ ಮಾತ್ರೆ ಸರಿಯಾಗಿ ಮೈಗೆ ಹತ್ತಲ್ಲ. ಡಿಸ್ಚಾರ್ಜ್ ಮಾಡುವಾಗ ಇಷ್ಟು ಬಿಡಿಸಿ ನನಗೆ ಯಾರೂ ಹೇಳಿರಲಿಲ್ಲ. ರಕ್ತ ಪರೀಕ್ಷೇಲಿ ಟಿ.ಎಸ್.ಎಚ್. ಅಂತ ನೋಡ್ತಾರೆ, ಥೈರಾಯ್ಡ್ ಹಾರ್ಮೋನ್ ಕಮ್ಮಿ ಆದ್ರೆ ಅದು ಏರುತ್ತೆ, ನಾಲ್ಕರ ಆಸುಪಾಸಿನ ಒಳಗೆ ಇರಬೇಕಾಗಿದ್ದು ನನಗೆ 22 ಇತ್ತು. ಥೈರಾಯ್ಡ್ ಹಾರ್ಮೋನ್ ಕಮ್ಮಿ ಆದ್ರೆ ಸುಸ್ತು, ಬೇಜಾರು, ತಲೆ ಮಂಕು ಎಲ್ಲ ಬರುತ್ತೆ, ಆದ್ರೆ ನಿಮ್ಮದು ಅದೊಂದೇ ಅಲ್ಲ, ಖಿನ್ನತೆಯೂ ಇದೆ, ಎರಡಕ್ಕೂ ಔಷಧಿ ತಗೊಳ್ಳಿ ಅಂದ್ರು. ಎರಡನೇ ಮಾತ್ರೆ ಕೆಲಸ ಶುರು ಮಾಡೋಕೆ ಎರಡು ಮೂರು ವಾರ ಬೇಕು, ಅಲ್ಲಿ ತನಕ ರಜ ಹಾಕಿ ಅಂತಾನೂ ಹೇಳಿದ್ರು. ಆಪರೇಷನ್ ಆದವರು, ಮನೇಲಿ ಯಾರಾದ್ರೂ ಆಪರೇಷನ್ ಆದವರಿದ್ರೆ, ಮೊದಲು ಈ ಕಾಫಿ ವಿಷಯ ಗಮನಿಸಿ ದಯವಿಟ್ಟು.

ರಜಕ್ಕೆ ಸರ್ಟಿಫಿಕೇಟ್ ಕೊಡಬೇಕಲ್ಲ, ಅದರಲ್ಲಿ ಖಿನ್ನತೆ ಅಂತ ಇದೆ. ಆ ಕಾಗದ ಬ್ಯಾಗಲ್ಲಿಟ್ಕೊಂಡು ಎರಡು ದಿನ ಓಡಾಡಿದೆ. ನಮ್ಮ ಸೇವಾ ವಿವರ ಬರೆಯೋ ಎಸ್.ಆರ್. ಪುಸ್ತಕಕ್ಕೆ ಬರುತ್ತಾ, ನಾಳೆ ಬಿಇಓ ಆಫೀಸಲ್ಲಿ ಮಾತಾಗುತ್ತಾ, ಮೆಂಟಲ್ ಮೇಡಂ ಅಂತಾರಾ, ಇದೇ ಯೋಚನೆ. ಕೊನೆಗೆ ಹೆಚ್.ಎಂ. ಸರ್ ಟೇಬಲ್ ಮೇಲಿಟ್ಟೆ. ಸರ್ ಓದಿದ್ರು, ಕನ್ನಡಕ ತೆಗೆದ್ರು, "ಅಕ್ಟೋಬರಲ್ಲಿ ಗಂಟಲಿನ ಸರ್ಟಿಫಿಕೇಟ್ ಕೊಟ್ರಲ್ಲ, ಇದೂ ಹಂಗೇ ಮೇಡಂ, ಮೂರು ವಾರ ಸಾಕಾ?" ಅಂದ್ರು. ಅಷ್ಟೇ. ಅರ್ಧ ವೇತನ ರಜೆ ಎಷ್ಟು ಉಳಿದಿದೆ, ಅದನ್ನ ಪರಿವರ್ತಿತ ರಜೆ, ಅಂದ್ರೆ ಪೂರ್ತಿ ಸಂಬಳದ ರಜೆ ಮಾಡಿದ್ರೆ ಎಷ್ಟು ದಿನ ಸಿಗುತ್ತೆ ಅಂತ ಸರ್ ಎದುರಿಗೇ ಆಫೀಸಿನ ಗುಮಾಸ್ತರು, ಎಫ್.ಡಿ.ಎ., ಲೆಕ್ಕ ಹಾಕಿದ್ರು. ಹೊರಗೆ ಬಂದ ಮೇಲೆ ಅವ್ರು, ನನ್ನ ಮಗನಿಗಿಂತ ನಾಲ್ಕೈದು ವರ್ಷ ದೊಡ್ಡೋರು ಅಷ್ಟೇ, "ಮೇಡಂ, 2017ರ ಮಾನಸಿಕ ಆರೋಗ್ಯ ಕಾಯ್ದೇಲಿ ಈ ಕಾಯಿಲೆ ವಿಷಯ ಗುಟ್ಟಾಗಿಡೋದು ನಿಮ್ಮ ಹಕ್ಕು ಅಂತಾನೇ ಇದೆ, ಲಕೋಟೆ ಅಂಟಿಸಿ ನಾನೇ ಬೀರುಲಿಡ್ತೀನಿ" ಅಂದ್ರು. ಆ ರಾತ್ರಿ ಬಹಳ ದಿನ ಆದ್ಮೇಲೆ ಐದರ ತನಕ ನಿದ್ದೆ ಮಾಡಿದೆ.

ಜನವರೀಲಿ ವಾಪಸ್ ಬಂದಾಗ ಧ್ವನಿ ಇನ್ನೂ ಇರಲಿಲ್ಲ. ಆದ್ರೆ ನಾನು ಇಲ್ಲದಿದ್ದಾಗ ಟೈಮ್ ಟೇಬಲ್ ಬದಲಾಗಿತ್ತು. ನನ್ನ ಕ್ಲಾಸೆಲ್ಲ ಬೆಳಗಿನ ಪೀರಿಯಡ್‌ಗೆ ತಂದಿದ್ರು, ಒಂದರ ಹಿಂದೆ ಒಂದು ಬರದ ಹಾಗೆ. ಎಂಟನೇ ಕ್ಲಾಸಿನ ಕನ್ನಡಾನ ಹಿಂದಿ ಮೇಡಂ ತಗೊಂಡಿದ್ರು, ಯಾರೂ ಹೇಳದೆ, ತಾವಾಗೇ. ಪಿ.ಟಿ. ಮೇಷ್ಟ್ರು ಒಂದು ಹೊಸ ವಿಶಲ್ ದಾರ ಸಮೇತ ಕೊಟ್ಟು, ಗಲಾಟೆ ಮಾಡಿದ್ರೆ ಊದಿ, ಕೂಗಬೇಡಿ ಅಂದ್ರು. ಗಣಿತದ ಮೇಷ್ಟ್ರು ಎಲ್ರ ಹತ್ರ ದುಡ್ಡು ಸೇರಿಸಿ ಸೊಂಟಕ್ಕೆ ಕಟ್ಕೊಳ್ಳೋ ಪುಟ್ಟ ಸ್ಪೀಕರು, ಕಿವಿಗೆ ಸಿಗಿಸ್ಕೊಳ್ಳೋ ಮೈಕು ತರಿಸಿದ್ರು. ಬಿಸಿಯೂಟದ ಅಕ್ಕಂದಿರು ನನಗೆ ಅಂತ ದಿನಾ ಒಂದು ಬಟ್ಟಲು ಮೆತ್ತಗಿನ ಅನ್ನ, ಖಾರ ಹಾಕೋ ಮುಂಚೆ ತೆಗೆದಿಟ್ಟ ಬೇಳೆ ಕಟ್ಟು ಎತ್ತಿಡೋರು. ನೀರು ಕುಡಿದ್ರೆ ಶ್ವಾಸಕ್ಕೆ ಹೋಗಿ ಕೆಮ್ಮು ಬರೋದು, ಗದ್ದ ತಗ್ಗಿಸಿ ಗುಟುಕು ಗುಟುಕಾಗಿ ಕುಡೀಬೇಕಿತ್ತು, ನಾನು ಊಟ ಮುಗಿಸೋ ತನಕ ಅವರಲ್ಲಿ ಒಬ್ರು ಅಲ್ಲೇ ಇರೋರು.

ಮಕ್ಕಳ ಬಗ್ಗೆ ಬರೀದಿದ್ರೆ ಇದು ಪೂರ್ತಿ ಆಗಲ್ಲ. ಛಂದಸ್ಸು ಬಾಕಿ ಇತ್ತು. ಭಾಮಿನಿ ಷಟ್ಪದಿ ಓದದೆ ಹೇಗೆ ಪಾಠ ಮಾಡೋದು, ಅದು ಕಿವಿಗೆ ಬೀಳಬೇಕು. ಬೋರ್ಡ್ ಮೇಲೆ ಲಘು ಗುರು ಹಾಕಿ ಗಣ ವಿಂಗಡಿಸಿದೆ, ಮೊದಲ ಸಾಲು ಮೂರು ನಾಲ್ಕು ಮೂರು ನಾಲ್ಕು, 14 ಮಾತ್ರೆ. ಆಮೇಲೆ ಡಸ್ಟರ್ ತಗೊಂಡು ಮರದ ಕಡೆಯಿಂದ ಟೇಬಲ್ ಮೇಲೆ ಹೊಡೆಯೋಕೆ ಶುರು ಮಾಡ್ದೆ, ಮೂರು, ನಾಲ್ಕು, ಮೂರು, ನಾಲ್ಕು. ಮುಂದಿನ ಬೆಂಚಿನ ಒಬ್ಬಳು ಆ ಪೆಟ್ಟಿಗೆ ಸರಿಯಾಗಿ ಪದ್ಯ ಎತ್ತಿದ್ಲು. ಎರಡನೇ ಸಾಲಿಗೆ ಹತ್ತು ಜನ, ಮೂರನೇ ಸಾಲಿಗೆ ಇಡೀ ಕ್ಲಾಸು. ಮೂರನೇ ಸಾಲು ಉದ್ದ ಅಲ್ವಾ, ಮೂರು ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, 23 ಮಾತ್ರೆ, ಆ ಕೊನೇ ಗುರು ಎಳೆಯೋವಾಗ 58 ಗಂಟಲೂ ಒಟ್ಟಿಗೆ ಎಳೆದ್ವು. ನಾನು ಬಾಯಿ ಬಿಟ್ಟಿರಲಿಲ್ಲ. ಅವತ್ತಿಂದ ಪರೀಕ್ಷೆ ತನಕ ಪದ್ಯ ಎಲ್ಲ ಹಂಗೇ ಆಯ್ತು. ಸ್ಟಾಪ್ ಬಂದ್ರೂ ಬಸ್ಸಲ್ಲಿ ಏಳದೆ ಕೂತಿದ್ದವಳಿಗೆ ಬೆಳಿಗ್ಗೆ ಸ್ಕೂಲಿಗೆ ಹೋಗೋ ಆಸೆ ಮತ್ತೆ ಬಂದಿದ್ದು ಆ ಪೀರಿಯಡ್‌ನಿಂದ.

ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೂ ನನ್ನ ನಮಸ್ಕಾರ. ಮಕ್ಕಳಿಗೆ ಮಾತು ಬರದಿದ್ರೆ ಹೋಗೋ ಜಾಗ ಅಂತಷ್ಟೇ ಅಂದ್ಕೊಂಡಿದ್ದೆ. ಪಿಸುಮಾತು ಆಡಬೇಡಿ, ಅದು ಗಂಟಲಿಗೆ ಇನ್ನೂ ಕಷ್ಟ ಅಂತ ಹೇಳಿಕೊಟ್ರು, ನೀರಿನ ಲೋಟಕ್ಕೆ ಸ್ಟ್ರಾ ಹಾಕಿ ಊ ಅಂತ ಗುಳ್ಳೆ ಎಬ್ಬಿಸೋದು, ಒಂದೇ ಉಸಿರಲ್ಲಿ ಆ ಅಂತ ಎಷ್ಟು ಹೊತ್ತು ಹಿಡೀತೀನಿ ಅಂತ ಅಳೆಯೋದು. ಮೊದಲ ದಿನ 4 ಸೆಕೆಂಡ್. ಮನೇಲಿ ಮಗ ಮೊಬೈಲ್ ಹಿಡ್ಕೊಂಡು ಕ್ಯಾಲೆಂಡರ್ ಮೇಲೆ ಬರೆದಿಡ್ತಿದ್ದ. ಯುಗಾದಿಗೆ 7, ಸ್ಕೂಲ್ ಶುರುವಾಗೋ ಹೊತ್ತಿಗೆ 11, ಗೌರಿ ಹಬ್ಬದ ದಿನ 15. ನಮ್ಮನೆಯವರು ಬೆಳಿಗ್ಗೆ ಐದೂವರೆಗೆ ಮಾತ್ರೆ ಕೊಟ್ಟು, ಆರೂಕಾಲಿನ ತನಕ ಕಾಫಿ ಡಿಕಾಕ್ಷನ್ ಹಾಕ್ತಿರಲಿಲ್ಲ, ವಾಸನೆ ಬಂದ್ರೆ ನನಗೆ ಆಸೆ ಆಗುತ್ತೆ ಅಂತ. ತಾವೂ ಕುಡೀತಿರಲಿಲ್ಲ.

ಈಗ ಟಿ.ಎಸ್.ಎಚ್. ಸರಿ ಇದೆ. ಮನಸ್ಸಿನ ಮಾತ್ರೆ ಇನ್ನೂ ತಗೋತಾ ಇದ್ದೀನಿ, ಡಾಕ್ಟರು ಹೇಳೋ ತನಕ ತಗೋತೀನಿ, ಬಚ್ಚಿಡೋಂಥದ್ದು ಏನೂ ಇಲ್ಲ. ಹೆಚ್ಚು ಹೊತ್ತು ಮಾತಾಡಿದ್ರೆ ಸಂಜೆಗೆ ಧ್ವನಿ ಸ್ವಲ್ಪ ಒಡೆಯುತ್ತೆ. ಮೈಕು ಸ್ಟಾಫ್ ರೂಮ್ ಬೀರುಲಿದೆ, ಚಾರ್ಜ್ ಮಾಡಿಟ್ಟಿದ್ದೀನಿ, ಶೀತ ಆಗಿ ಗಂಟಲು ಕಟ್ಟಿದವರು ತಗೊಂಡು ಹೋಗ್ತಾರೆ.

ಅಕ್ಕ, ಹೆಚ್.ಎಂ. ಸರ್, ಹಿಂದಿ ಮೇಡಂ, ಮೇಷ್ಟ್ರುಗಳೇ, ಆಫೀಸಿನ ತಮ್ಮ, ಅಡುಗೆ ಮನೆ ಅಕ್ಕಂದಿರೇ, ಅವತ್ತು ಎದ್ದು ನಿಂತು ಹೇಳಕ್ಕಾಗದೇ ಇದ್ದಿದ್ದು ಇದೇ. ಮತ್ತೆ ಹೋದ ವರ್ಷದ ಹತ್ತನೇ ಕ್ಲಾಸಿನ ಮಕ್ಕಳು ಯಾರಾದ್ರೂ ಓದ್ತಾ ಇದ್ರೆ, ನಿಮ್ಮಲ್ಲಿ ಇಬ್ಬರ ಛಂದಸ್ಸಿನ ನೋಟ್ಸು ಇನ್ನೂ ನನ್ನ ಹತ್ರಾನೇ ಇದೆ, ಕಾಲೇಜು ಬಿಟ್ಟು ಬರೋವಾಗ ಸ್ಕೂಲ್ ಹತ್ರ ಬಂದು ಹೋಗಿ.